ಎರಡು ಸೋಮವಾರ, ಒಂದು ಗುರುವಾರ

ಎಂಟೂ ಇಪ್ಪತ್ತಕ್ಕೆ ಶಾಲೆಯ ಬಸ್ಸು ಹೋಯಿತು, ಆದರೆ ಅದನ್ನು ಓಡಿಸುತ್ತಿದ್ದವನು ಫಿಂಟನ್ ಅಲ್ಲ. ಡಿಂಪ್ನಾ ಗಿಲ್ಸೆನನ್ ಅಡುಗೆಮನೆಯ ಕಿಟಕಿಯ ಬಳಿ, ತಣ್ಣೀರಿನಲ್ಲಿ ನೆನೆಸಿದ ಓಟ್ಸನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೆನ್ನೆಗೆ ಒತ್ತಿಕೊಂಡು ನಿಂತಿದ್ದಳು. ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಹೀಗೇ ನಿಲ್ಲುತ್ತಾಳೆ. ಗಂಟಿನಿಂದ ಇಳಿದ ಬಿಳಿ ನೀರು ಮುಂಗೈ ದಾಟಿ ಅಂಗಿಯ ತೋಳಿನೊಳಗೆ ಹರಿದರೂ ಅವಳು ಅಲುಗಲಿಲ್ಲ. ಫಿಂಟನ್ ಆಗಿದ್ದರೆ ಗೇಟಿನ ಹತ್ತಿರ ನಿಧಾನ ಮಾಡಿ ಎರಡು ಸಲ ಹಾರ್ನ್ ಒತ್ತುತ್ತಿದ್ದ. ಅವನ ಮುಖ ಬೇಲಿಯ ಆಚೆಯಿಂದಲೇ ಗುರುತು ಸಿಗುವಂಥದ್ದು. ಮೂಗು, ಕೆನ್ನೆ, ಗದ್ದ ಎಲ್ಲ ಕೆಂಪಗೆ, ಈಗಷ್ಟೇ ಯಾರೋ ಎರಡು ಬಾರಿಸಿ ಕಳಿಸಿದ ಹಾಗೆ. ಶುಕ್ರವಾರದಂತೆ ಇವತ್ತೂ ಸ್ಟಿಯರಿಂಗಿನ ಹಿಂದೆ ಇದ್ದದ್ದು ಮೈದಾಹಿಟ್ಟಿನ ಬಣ್ಣದ ಮುಖ. ಇವತ್ತು ಎರಡನೆಯ ಸೋಮವಾರ, ಮದ್ದಿನ ಮೂರನೆಯ ಸರದಿ. ಮಕ್ಕಳನ್ನು ಶಾಲೆಗೆ ಬಿಟ್ಟು, ಒಂಬತ್ತೂವರೆಗೆ ಅವನು ಬಂದು ಈ ಕುರ್ಚಿಯಲ್ಲಿ ಕೂತು ಮುಖ ಎತ್ತಬೇಕಿತ್ತು. ಶೀತ ಆಗಿರಬಹುದು, ಅಂದುಕೊಂಡಳು. ಆದರೆ ಶೀತವಲ್ಲ ಎಂದು ಅವಳಿಗೆ ಗುರುವಾರವೇ ಗೊತ್ತಿತ್ತು.

ಗಿಲ್ಸೆನನ್ ಮನೆಯವರ ಕೈಯಲ್ಲಿ ಗುಲಾಬಿಗೆ ಮದ್ದಿದೆ ಎನ್ನುವುದು ಕ್ಯಾವನ್ ಸೀಮೆಯ ಹತ್ತಾರು ಹಳ್ಳಿಗೆ ತಿಳಿದ ಮಾತು. ಮುಖಕ್ಕೆ ಕೆಂಪು ಏರಿ, ಇಳಿಯದೆ ಅಲ್ಲೇ ಮನೆ ಮಾಡಿಕೊಳ್ಳುವುದಕ್ಕೆ ಊರವರು ಗುಲಾಬಿ ಎನ್ನುತ್ತಾರೆ. ಪೇಟೆಯ ಡಾಕ್ಟರು ರೊಸೇಷಿಯಾ ಎನ್ನುತ್ತಾರೆ. ಅರಿಯದವರು ಕುಡಿತ ಎನ್ನುತ್ತಾರೆ. ಮದ್ದಿಗೆ ಬಂದವರ ಕಟ್ಟಳೆಗಳು ಸುಲಭ. ಎರಡು ಸೋಮವಾರ, ನಡುವೆ ಒಂದು ಗುರುವಾರ ಬರಬೇಕು. ಮೂರೂ ಮುಗಿಯುವವರೆಗೆ ಡಾಕ್ಟರ ಬಾಗಿಲು ತುಳಿಯಬಾರದು. ದುಡ್ಡು ಕೊಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಥ್ಯಾಂಕ್ಸ್ ಅನ್ನಬಾರದು. ಆ ಮಾತು ಕಿವಿಗೆ ಬಿದ್ದರೆ ಮದ್ದು ಮನೆ ಬಿಟ್ಟು ಹೋಗುತ್ತದೆ. ಹಾಗಾಗಿ ನಲವತ್ತೊಂಬತ್ತು ವರ್ಷದಲ್ಲಿ ಡಿಂಪ್ನಾಳಿಗೆ ಯಾರೂ ಥ್ಯಾಂಕ್ಸ್ ಹೇಳಿಲ್ಲ. ಮುಖ ತಿಳಿಯಾದವರು ದಾರಿಯಲ್ಲಿ ಸಿಕ್ಕರೆ ಕತ್ತು ಬಗ್ಗಿಸಿ ಹವೆಯ ಬಗ್ಗೆ ಏನೋ ಹೇಳಿ ಹೋಗುತ್ತಾರೆ, ಅಷ್ಟೇ. ಹಚ್ಚುವವಳ ಕಟ್ಟಳೆ ಮಾತ್ರ ಕಠಿಣ. ಸೂರ್ಯ ಹುಟ್ಟುವ ಮೊದಲು, ದೀಪವಿಲ್ಲದೆ, ಯಾರ ಜೊತೆಗೂ ಮಾತಾಡದೆ ಹೂ ಕೀಳಬೇಕು. ಉಪ್ಪಿಲ್ಲದ ಬೆಣ್ಣೆಯಲ್ಲಿ ಕುದಿಸಿ, ಸೋಸಿ, ಉಳಿದ ಚರಟವನ್ನು ಬೆಳಕಾಗುವುದರೊಳಗೆ ಒಲೆಗೆ ಹಾಕಬೇಕು. ಸೊಪ್ಪಿನ ಹೆಸರು ಬಾಯಿಬಿಡಬಾರದು. ತನ್ನ ಮೈಗೆ ತಾನು ಹಚ್ಚಿಕೊಳ್ಳಬಾರದು. ಇದೇ ಕಾರಣಕ್ಕೆ ಡಿಂಪ್ನಾಳ ಸ್ವಂತ ಕೆನ್ನೆಗಳು ಮೂವತ್ತು ವರ್ಷದಿಂದ ಉರಿಯುತ್ತಲೇ ಇವೆ. ದೀಪದ ಬುಡದಲ್ಲಿ ಕತ್ತಲೆ ಎಂದು ಜನ ನಗುವುದು ಅವಳಿಗೆ ಗೊತ್ತು. ಓಟ್ಸಿನ ನೀರು, ಆರಿದ ಚಹಾ, ಗಾಳಿಗೆ ತಲೆವಸ್ತ್ರ, ಒಲೆಗೆ ಬೆನ್ನು: ಇವು ಮದ್ದಲ್ಲ, ಯಾರು ಬೇಕಾದರೂ ಮಾಡಬಹುದು, ಇವುಗಳಿಂದಲೇ ಅವಳು ದಿನ ದೂಡುತ್ತಾಳೆ.

ಅಪ್ಪ ಅವಳನ್ನು ಮೊದಲ ಸಲ ರಸ್ತೆಬದಿಯ ದಿಬ್ಬಕ್ಕೆ ಕರೆದುಕೊಂಡು ಹೋದಾಗ ಅವಳಿಗೆ ಹತ್ತೊಂಬತ್ತು. ಕತ್ತಲಲ್ಲಿ ಅವಳ ಮುಂಗೈ ಹಿಡಿದು, ಅಂಗೈಯಲ್ಲಿ ಒಂದು ಹೂವನ್ನು ಉಜ್ಜಿ ಮೂಗಿಗೆ ಹಿಡಿದಿದ್ದ. ಕುಯ್ದಿಟ್ಟ ಸೇಬಿನ ವಾಸನೆ. ಆಮೇಲೆ ಇನ್ನೊಂದು ಹೂ, ಮುಟ್ಟಿದರೆ ಅದೇ ಎಸಳು, ಅದೇ ಉಬ್ಬಿದ ನಡು. ಉಜ್ಜಿದರೆ ಮುದಿ ಹೋತದ ನಾತ. ಮೊದಲನೆಯದು ಕ್ಯಾಮೊಮೈಲ್, ಎರಡನೆಯದು ನಾಯಿ ಕ್ಯಾಮೊಮೈಲ್. ಅದರ ರಸ ತಾಕಿದರೆ ಚರ್ಮ ಬೊಬ್ಬೆ ಏಳುತ್ತದೆ. ಕಟ್ಟಳೆಯಂತೆ ಅಲ್ಲಿ ಬಾಯಿ ಬಿಡದ ಅಪ್ಪ, ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಹೇಳಿದ್ದ: "ಕಣ್ಣು ಮೋಸ ಹೋಗುತ್ತೆ ಮಗಳೇ. ಮೂಗು ಹೋಗಲ್ಲ." ಅಪ್ಪ ಸತ್ತು ಎಷ್ಟೋ ಕಾಲವಾಯಿತು, ಅವನ ಮಾತು ಮಾತ್ರ ನಿಂತಿತ್ತು. ಕಳೆದ ಮಾರ್ಚಿನಲ್ಲಿ ಬಂದ ಜ್ವರ ಹನ್ನೊಂದು ದಿನಕ್ಕೆ ಇಳಿಯಿತು. ಹನ್ನೆರಡನೆಯ ದಿನ ಅವಳು ಸೋಪಿನ ಹೊಸ ಬಿಲ್ಲೆ ಬಿಚ್ಚಿ ಮೂಗಿಗೆ ಹಿಡಿದಳು, ಏನೂ ಇರಲಿಲ್ಲ. ಈರುಳ್ಳಿ, ಸೀಮೆಎಣ್ಣೆ, ಮಳೆಗೆ ನೆನೆದ ನಾಯಿ, ಯಾವುದರಲ್ಲೂ ಏನೂ ಇರಲಿಲ್ಲ. ಬಂದೀತು, ಇನ್ನೊಂದು ವಾರಕ್ಕೆ ಬಂದೀತು ಎನ್ನುತ್ತ ಸೆಪ್ಟೆಂಬರ್ ಆಯಿತು. ಯಾರಿಗೂ ಹೇಳಲಿಲ್ಲ. ಮೂಗಿಲ್ಲದ ಗಿಲ್ಸೆನನ್ ಅಂದರೆ ಏನು? ರಸ್ತೆಬದಿಯಲ್ಲಿ ಒಂಟಿಯಾಗಿರುವ, ಕೆಂಪು ಮುಖದ ಒಬ್ಬ ಮುದುಕಿ.

ಹಾಗಿರುವಾಗ ಫಿಂಟನ್ ಬಂದಿದ್ದ, ನಿನ್ನೆಯದಲ್ಲ, ಅದರ ಹಿಂದಿನ ಭಾನುವಾರ, ಚರ್ಚಿನಿಂದ ನೇರವಾಗಿ. ಕೋಟಿನ ಮೇಲೆ ಆ ಪುಟ್ಟ ಪಿನ್ನು, ಜೀವಮಾನವಿಡೀ ಕುಡಿಯುವುದಿಲ್ಲವೆಂದು ಆಣೆಯಿಟ್ಟವರು ಚುಚ್ಚಿಕೊಳ್ಳುವಂಥದ್ದು. ಗೇಟಿನ ಈಚೆ ಬರಲು ಐದು ನಿಮಿಷ ತೆಗೆದುಕೊಂಡ. ಐವತ್ತನಾಲ್ಕು ವರ್ಷದ ಗಂಡಸು, ಪಾಠ ಬಾರದ ಹುಡುಗನಂತೆ ಟೋಪಿ ತಿರುಗಿಸುತ್ತ ನಿಂತ.

"ನಗ್ಬೇಡಿ ಡಿಂಪ್ನಾ."

"ನಗೋದಕ್ಕೆ ನನ್ನ ಮುಖ ನೋಡ್ಕೊಂಡಿಲ್ವೇನೋ ನಾನು? ಬಾ ಒಳಗೆ."

"ಈ ವರ್ಷ ಹೊಸದಾಗಿ ಬಂದಿರೋ ಮಕ್ಕಳ ತಾಯಂದ್ರು… ಅವ್ರಿಗೆ ನಾನ್ಯಾರು ಅಂತ ಗೊತ್ತಿಲ್ಲ. ಮೊನ್ನೆ ಒಬ್ಳು ಮಗಳ ಚೀಲ ಸರಿಮಾಡೋ ನೆಪದಲ್ಲಿ ಬಸ್ ಹತ್ತಿ, ಹೀಗೆ ಬಗ್ಗಿ, ನನ್ನ ಉಸಿರು ಮೂಸಿದ್ಳು. ಹನ್ನೆರಡನೇ ವಯಸ್ಸಲ್ಲಿ ಹಾಕ್ಕೊಂಡಿರೋ ಪಿನ್ನು ಇದು. ನಮ್ಮಪ್ಪನ ಹೆಣ ಮನೇಲಿದ್ದಾಗ ಊರೆಲ್ಲ ಕುಡೀತು, ನಾನು ಚಹಾ ಕುಡ್ದೆ. ಕಂಪ್ನಿಯವನು ಹೇಳ್ಬಿಟ್ಟ, ಇನ್ನೊಂದು ದೂರು ಬಂದ್ರೆ ಕೀಲಿ ಕೊಟ್ಬಿಡು ಅಂತ." ಅವನು ಮತ್ತೆ ಟೋಪಿ ತಿರುಗಿಸಿದ. "ಕ್ರೀಮ್ ಕೊಟ್ಟಿದ್ರು ಡಾಕ್ಟ್ರು, ಒಂದು ತಿಂಗ್ಳು ಹಚ್ಚಿ ಬಿಟ್ಟೆ. ನನಗೆ ನಂಬಿಕೆ ಇರೋದು ಇಲ್ಲಿ."

ಆಗ ಹೇಳಬಹುದಿತ್ತು. ನನ್ನ ಮೂಗು ಹೋಗಿದೆ ಕಣೋ, ಕ್ರೀಮನ್ನೇ ಬಿಡದೆ ಹಚ್ಚು, ಎನ್ನುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ಆದರೆ ಮದ್ದು ಕೇಳಿಕೊಂಡು ಆ ಗೇಟು ದಾಟಿ ಯಾರಾದರೂ ಬಂದು ಹದಿನಾಲ್ಕು ತಿಂಗಳಾಗಿತ್ತು. ನನಗೆ ನಂಬಿಕೆ ಇರೋದು ಇಲ್ಲಿ ಅಂದಾಗ ಅವಳ ಎದೆಯಲ್ಲಿ ಏನೋ ಬೆಚ್ಚಗೆ ಹರಡಿತು, ನಾಚಿಕೆಗೆಟ್ಟ ಸಂತೋಷ. ಅದೇ ಸಂತೋಷದಲ್ಲಿ "ಸೋಮವಾರ ಬಾ" ಅಂದಿದ್ದಳು. ಬಿಸಿ ಚಹಾ ಬಿಡು, ಒಲೆ ಮುಂದೆ ಕೂರಬೇಡ ಎಂದು ಹೇಳಿ, ಓಟ್ಸಿನ ಗಂಟು ಕಟ್ಟುವುದನ್ನೂ ತೋರಿಸಿ ದೊಡ್ಡ ಮನುಷ್ಯಳಂತೆ ಕಳಿಸಿದ್ದಳು. ಈಗ ಅದನ್ನೆಲ್ಲ ನೆನೆಸಿಕೊಂಡರೆ ಮೈ ಮುದುಡುತ್ತದೆ. ಮಾರನೆಯ ಬೆಳಗಿನ ಕತ್ತಲಲ್ಲಿ ದಿಬ್ಬದ ಮೇಲೆ ಮಂಡಿಯೂರಿ, ಹೂವನ್ನು ಉಜ್ಜಿ ಉಜ್ಜಿ ಮೂಸಿದ್ದಳು. ಒಂದು ಸಲ ಸೇಬು ಬಂದಂತಾಯಿತು. ಅದು ಮೂಗಿಗೆ ಬಂತೋ ನೆನಪಿಗೆ ಬಂತೋ ಎಂದು ಕೇಳಿಕೊಳ್ಳುವಷ್ಟು ಧೈರ್ಯ ಅವಳಿಗಿರಲಿಲ್ಲ. ಐವತ್ತು ವರ್ಷದಿಂದ ಇದೇ ದಿಬ್ಬ, ಇಲ್ಲಿ ಒಳ್ಳೆಯ ಹೂ ಬಿಟ್ಟು ಬೇರೆ ಬೆಳೆದದ್ದುಂಟೇ ಎಂದು ಬುಟ್ಟಿ ತುಂಬಿಸಿಕೊಂಡಳು. ಹೋದ ವರ್ಷ ರಸ್ತೆ ಅಗಲ ಮಾಡಿದವರು ಎಲ್ಲಿಂದಲೋ ಮಣ್ಣು ತಂದು ದಿಬ್ಬದ ಮೇಲೆ ಸುರಿದಿದ್ದರು. ಅದು ನೆನಪಾದದ್ದು ಗುರುವಾರ, ಫಿಂಟನ್ ಎರಡನೆಯ ಸಲ ಬಂದು ಕುರ್ಚಿಯಲ್ಲಿ ಕೂತ ಮೇಲೆ.

"ಸ್ವಲ್ಪ ಉರಿ ಇದೆ," ಅಂದಿದ್ದ ಅವತ್ತು. ಸ್ವಲ್ಪವಲ್ಲ, ಕೆನ್ನೆಯ ಮೇಲೆ ಸಣ್ಣ ನೀರುಗುಳ್ಳೆಗಳು ಎದ್ದಿದ್ದವು, ಎಡಗಣ್ಣಿನ ಅಂಚು ಕೆಂಪಾಗಿತ್ತು. ಅವಳ ಬೆರಳು ಮದ್ದಿನ ಮಡಕೆಯೊಳಗೇ ನಿಂತಿತು. ಕಿಟಕಿಯಿಂದ ಬಂದ ಬೆಳಕು ಅವನ ಮುಖದ ಮೇಲೆ ಬಿದ್ದಿತ್ತು, ಎಲ್ಲವೂ ಕಾಣುತ್ತಿತ್ತು. ಅವನು ಕಣ್ಣು ಮುಚ್ಚಿ, ಪ್ರಸಾದಕ್ಕೆ ಕಾದವನಂತೆ ಮುಖ ಎತ್ತಿದ್ದ. "ಉರಿಯುತ್ತೆ," ಅಂದಳು ಡಿಂಪ್ನಾ. "ಕೆಟ್ಟದ್ದು ಹೊರಗೆ ಬರ್ತಿದೆ." ಆ ಮಾತು ಎಲ್ಲಿಂದ ಬಂತು? ಅಪ್ಪ ಯಾವತ್ತೂ ಹಾಗೆ ಹೇಳಿರಲಿಲ್ಲ. ಅಪ್ಪನ ಕೈಯ ಮದ್ದು ಯಾರಿಗೂ ಉರಿದಿರಲಿಲ್ಲ. ತನ್ನ ಬಾಯಿಂದ ಬಂದ ಸುಳ್ಳು ಅಷ್ಟು ಸರಾಗವಾಗಿ, ಮನೆತನದ ಮಾತಿನಂತೆ ಬಂದದ್ದನ್ನು ಕೇಳಿ ಅವಳಿಗೇ ಹೆದರಿಕೆಯಾಗಿತ್ತು. ಆದರೂ ಬೆರಳು ಮಡಕೆಯಿಂದ ಎದ್ದು ಅವನ ಕೆನ್ನೆಗೆ ಹೋಯಿತು. ಮೂರು ಸುತ್ತು ಎಡಕ್ಕೆ, ಮೂರು ಸುತ್ತು ಬಲಕ್ಕೆ ಹಚ್ಚಿದಳು.

ಹತ್ತೂವರೆಯಾದರೂ ಫಿಂಟನ್ ಬರಲಿಲ್ಲ. ಕೈ ಸುಮ್ಮನಿರದೆ ಅವಳು ಸೋಡಾ ಬ್ರೆಡ್ಡಿಗೆ ಹಿಟ್ಟು ಕಲಸಿ ಒಲೆಯೊಳಗಿಟ್ಟಿದ್ದಳು. ಇಟ್ಟದ್ದು ಮರೆತೂ ಹೋಗಿತ್ತು. ಪಕ್ಕದ ಮನೆಯ ಅಟ್ರಾಕ್ಟಾ ಹಿಂಬಾಗಿಲು ತಳ್ಳಿಕೊಂಡು ಬಂದವಳೇ ಕೂಗಿದಳು.

"ಏ ಡಿಂಪ್ನಾ! ಮನೆಗೆ ಬೆಂಕಿ ಬಿದ್ರೂ ಕಿಟಕಿ ನೋಡ್ತಾ ಕೂತಿರ್ತೀಯಲ್ಲೇ! ಏನಿದು ಸೀದ ವಾಸನೆ? ರಸ್ತೆವರೆಗೂ ಬರ್ತಿದೆ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಡಿಂಪ್ನಾಳ ಕೈ ತಾನಾಗಿ ಮೂಗಿಗೆ ಹೋಯಿತು. ಅಟ್ರಾಕ್ಟಾ ಅದನ್ನು ನೋಡಲಿಲ್ಲ, ಕಪ್ಪಾದ ಬ್ರೆಡ್ಡನ್ನು ಹೊರಗೆಳೆದು ಬಾಗಿಲ ಹೊರಗೆ ಕೋಳಿಗಳಿಗೆ ಎಸೆದು, ಕೈ ಒರೆಸಿಕೊಂಡು ಕೂತಳು. ಫಿಂಟನ್ ಕೂರುವ ಕುರ್ಚಿಯಲ್ಲೇ ಕೂತಳು.

"ಕೇಳಿದ್ಯಾ? ಶುಕ್ರವಾರದಿಂದ ಬಸ್ಸಿಗೆ ಬೇರೆಯವನು. ಫಿಂಟನ್ ಬಾಗಿಲು ಹಾಕ್ಕೊಂಡು ಮಲಗಿದಾನಂತೆ. ಚರ್ಚಿಗೂ ಬಂದಿಲ್ಲ. ಕುಡ್ದು ಬಿದ್ದಿದಾನೆ ಅಂತಿದಾರೆ."

"ಯಾರು ಅಂತಿರೋದು?"

"ಎಲ್ರೂ! ಅಂಗಡಿ ಹುಡುಗಿ ಹಾಲು ಕೊಡೋಕೆ ಹೋದ್ಳಂತೆ, ಬಾಗಿಲು ಒಂದು ಬೆರಳಷ್ಟು ತೆಗೆದು ತಗೊಂಡನಂತೆ. ಮುಖ ಊದ್ಕೊಂಡು ಹಂಡೆ ಆಗಿತ್ತಂತೆ. ಪಿನ್ನು ಚುಚ್ಚಿಕೊಂಡವ್ರನ್ನ ನಂಬೋದು ಹೇಗೆ ಹೇಳು? ನಲವತ್ತು ವರ್ಷ ಒಳಗೊಳಗೇ ಕುಡೀತಿದ್ನೇನೋ ಪುಣ್ಯಾತ್ಮ."

ಊದಿದೆ. ಆ ಒಂದು ಮಾತು ಬಿಟ್ಟು ಉಳಿದದ್ದು ಅವಳಿಗೆ ಕೇಳಿಸಲಿಲ್ಲ. ಕುಡಿದದ್ದಲ್ಲ, ಅವನು ನನ್ನ ಹತ್ತಿರ ಮದ್ದಿಗೆ ಬಂದಿದ್ದ ಎನ್ನಬಹುದಿತ್ತು. ಹೇಳಿದರೆ ಅಟ್ರಾಕ್ಟಾಳ ಮುಂದಿನ ಪ್ರಶ್ನೆ ಏನೆಂದು ಅವಳಿಗೆ ಗೊತ್ತಿತ್ತು. ಅದರ ಬದಲು ಎದ್ದು, ತಣ್ಣನೆಯ ಕಪಾಟಿನಿಂದ ಮಡಕೆ ತಂದು, ಏನೋ ಹುಡುಕುವವಳಂತೆ ಮುಚ್ಚಳ ತೆಗೆದು ಅಟ್ರಾಕ್ಟಾಳ ಮೊಣಕೈ ಹತ್ತಿರ ಇಟ್ಟಳು. ಎದುರಿಗೆ ಒಂದು ಜೀವಂತ ಮೂಗಿದೆ, ಹಾಸ್ಯ ಮಾಡುವ, ಎಲ್ಲದಕ್ಕೂ ತಲೆಹಾಕುವ, ದೇವರು ಕೊಟ್ಟ ಮೂಗು. ಅಟ್ರಾಕ್ಟಾ ಮೂಗು ಸುಕ್ಕಿಸಿದಳು.

"ಥೂ. ಬೆಣ್ಣೆ ಕೆಟ್ಟಿದೆ, ಬಿಸಾಕು."

"ಬೆಣ್ಣೇನೇ? ಬೇರೆ ಏನಾದ್ರೂ ಬರ್ತಿದ್ಯಾ?"

"ಬೇರೆ ಏನು ಬರ್ಬೇಕು, ಅತ್ತರಾ? ವಾರದ ಬೆಣ್ಣೆ ವಾಸನೆ ಹೇಗಿರುತ್ತೋ ಹಾಗಿದೆ. ಮುಚ್ಚೇ ಅದನ್ನ, ಇಷ್ಟು ಹೊತ್ತು ಸೀದ ಹೊಗೆ ಕುಡಿದು ಕುಡಿದು ನನ್ನ ಮೂಗೇ ಸತ್ತು ಹೋಗಿದೆ."

ಅಟ್ರಾಕ್ಟಾ ಹೋದ ಮೇಲೆ ಅವಳು ಕೋಟು ಹಾಕಿಕೊಂಡು ದಿಬ್ಬಕ್ಕೆ ನಡೆದಳು. ಹಗಲಲ್ಲಿ ಆ ಹೂಗಳನ್ನು ನೋಡುವುದು ಕಟ್ಟಳೆಗೆ ವಿರುದ್ಧವೇನೂ ಅಲ್ಲ, ಆದರೂ ಯಾರದೋ ಮನೆಯ ಕೋಣೆಗೆ ಹೇಳದೆ ನುಗ್ಗಿದಂತೆ ಅಳುಕಿತು. ರಸ್ತೆಯ ಉದ್ದಕ್ಕೂ, ಹಳೆಯ ಹುಲ್ಲಿನಲ್ಲೂ ಹೊಸ ಮಣ್ಣಿನಲ್ಲೂ, ಬಿಳಿ ಹೂಗಳು ಗಾಳಿಗೆ ತಲೆಯಾಡಿಸುತ್ತಿದ್ದವು. ಎಲ್ಲವೂ ಒಂದೇ. ಕನ್ನಡಕ ಏರಿಸಿ ಬಗ್ಗಿ ನೋಡಿದಳು, ಎಲೆ ಎಣಿಸಿದಳು, ಕಾಂಡ ಚಿವುಟಿದಳು. ಅಪ್ಪ ಎಲೆಯ ಬಗ್ಗೆ ಏನೂ ಹೇಳಿಕೊಟ್ಟಿರಲಿಲ್ಲ. ಮೂಗಿರುವಾಗ ಎಲೆ ಯಾಕೆ? ಹಳೆಯ ಹುಲ್ಲಿನಿಂದ ಒಂದು, ಹೊಸ ಮಣ್ಣಿನಿಂದ ಒಂದು ಕಿತ್ತು ಎರಡೂ ಅಂಗೈಯಲ್ಲಿ ಉಜ್ಜಿ ಮುಖ ಮುಚ್ಚಿಕೊಂಡಳು. ಏನೂ ಇಲ್ಲ. ಎರಡೂ ಕಡೆ ಏನೂ ಇಲ್ಲ. ಆ ಸೋಮವಾರ ತಾನು ಮಂಡಿಯೂರಿದ್ದು ಎಲ್ಲಿ, ಈಚೆಯೋ ಆಚೆಯೋ? ಮಂಡಿಗೆ ಮೆತ್ತಿದ್ದ ಮಣ್ಣು ಕಂದಾಗಿತ್ತೋ ಕಪ್ಪಾಗಿತ್ತೋ? ಒಂದು ಲಾರಿ ಅವಳ ಪಕ್ಕಕ್ಕೇ ಹಾದು ಹೋಯಿತು, ಚಾಲಕ ಕೈ ಬೀಸಿದ. ಮುಖ ಮುಚ್ಚಿ ರಸ್ತೆಬದಿಯಲ್ಲಿ ನಿಂತ ಮುದುಕಿ ಅಳುತ್ತಿದ್ದಾಳೆ ಎಂದುಕೊಂಡನೋ ಏನೋ. ಕಣ್ಣಿಗೆ ಏನಾದರೂ ಆದರೆ, ಎಂಬ ಯೋಚನೆ ಆಗ ಮೊದಲ ಸಲ ಪೂರ್ತಿಯಾಗಿ ಬಂತು. ಗುರುವಾರ ಕೆಂಪಾಗಿದ್ದ ಆ ಅಂಚು. ಬಸ್ಸು ಓಡಿಸುವವನ ಕಣ್ಣು. ಅವಳು ಮನೆಯ ಕಡೆ ಓಡಿದಂತೆ ನಡೆದಳು.

ಮಡಕೆ ಮೇಜಿನ ಮೇಲೇ ಇತ್ತು. ತಿಳಿಯಲು ಒಂದೇ ದಾರಿ ಉಳಿದಿತ್ತು, ಅದು ಗುರುವಾರದಿಂದಲೂ ಅವಳಿಗೆ ಗೊತ್ತಿತ್ತು. ಇಷ್ಟು ದಿನ ಅದರ ಸುತ್ತ ಸುತ್ತುತ್ತಿದ್ದಳು. ತನ್ನ ಮೈಗೆ ಹಚ್ಚಿಕೊಂಡರೆ ಮದ್ದು ಹೋಗುತ್ತದೆ. ಅಪ್ಪ ಕೊನೆಯ ವರ್ಷಗಳಲ್ಲಿ, ಮುಖ ಗೆಣಸಿನಂತಾಗಿ, ರಾತ್ರಿ ಉರಿಗೆ ನಿದ್ದೆಯಿಲ್ಲದೆ ಹೊರಳಾಡುವಾಗಲೂ ಈ ಮಡಕೆಯನ್ನು ಮುಟ್ಟಿರಲಿಲ್ಲ. ಅವಳು ಅಂಗಲಾಚಿದ್ದಳು, ಒಂದೇ ಒಂದು ಸಲ ಅಪ್ಪ, ಯಾರಿಗೆ ಗೊತ್ತಾಗುತ್ತೆ. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದ. ಈಗ ಅವಳು ಎರಡು ಬೆರಳು ಅದ್ದಿ, ತನ್ನ ಬಲಗೆನ್ನೆಯ ಮೇಲೆ ಮೂರು ಸುತ್ತು ಎಡಕ್ಕೆ, ಮೂರು ಸುತ್ತು ಬಲಕ್ಕೆ ಹಚ್ಚಿದಳು. ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. ಏನೂ ಆಗಲಿಲ್ಲ. ಮನೆ ಹಾಗೇ ಇತ್ತು, ಕೋಳಿಗಳು ಕಪ್ಪು ಬ್ರೆಡ್ಡಿಗೆ ಕಚ್ಚಾಡುತ್ತಿದ್ದವು. ಎರಡಕ್ಕೆ ಕೆನ್ನೆ ತಣ್ಣಗೇ ಇತ್ತು, ಅವಳಿಗೆ ಅಳು ಬಂತು, ಸಂತೋಷಕ್ಕೆ. ಹೂ ಒಳ್ಳೆಯದೇ, ಫಿಂಟನ್‌ಗೆ ಬೇರೆ ಏನೋ ಆಗಿದೆ, ನಾನಲ್ಲ. ನಾನಲ್ಲ ಎಂದು ಜೋರಾಗಿಯೇ ಹೇಳಿಕೊಂಡಳು. ತಪ್ಪು ತನ್ನದಲ್ಲ ಎಂದು ಗೊತ್ತಾದ ಖುಷಿಯಲ್ಲಿ ಅವನ ಮುಖ ನೆನಪಿಗೇ ಬರಲಿಲ್ಲ, ಅದನ್ನು ಗಮನಿಸಿ ಹೇಸಿಗೆಯಾಯಿತು. ಎರಡೂ ಮುಕ್ಕಾಲಿಗೆ ಕಿವಿಯ ಹತ್ತಿರ ಸಣ್ಣಗೆ ಚುರುಗುಟ್ಟಿತು. ಒಲೆಯ ಶಾಖ ಇರಬೇಕೆಂದು ಕುರ್ಚಿ ದೂರ ಎಳೆದುಕೊಂಡಳು. ಮೂರಕ್ಕೆ ಚುರುಗುಟ್ಟುವುದು ದವಡೆಗೆ ಇಳಿಯಿತು. ಮೂರೂವರೆಗೆ ಕನ್ನಡಿಯ ಮುಂದೆ ನಿಂತಾಗ, ಮೂವತ್ತು ವರ್ಷದ ಹಳೆಯ ಕೆಂಪಿನ ಮೇಲೆ ಹೊಸದೊಂದು ಕೆಂಪು, ಬೆರಳಿನ ಸುತ್ತುಗಳ ಗುರುತನ್ನೇ ಅನುಸರಿಸಿ ಎದ್ದಿತ್ತು. ಅದರೊಳಗೆ ಸಾಸಿವೆಕಾಳಿನಷ್ಟು ದೊಡ್ಡ ಎರಡು ನೀರುಗುಳ್ಳೆಗಳಿದ್ದವು. ಮೂರೂ ನಲವತ್ತಕ್ಕೆ ಬಸ್ಸು ವಾಪಸು ಹೋಯಿತು, ಮೈದಾಹಿಟ್ಟಿನ ಮುಖದವನೇ ಓಡಿಸುತ್ತಿದ್ದ.

ಫಿಂಟನ್‌ನ ಮನೆ ಮುಕ್ಕಾಲು ಮೈಲಿ. ಇಡೀ ದಾರಿ ಅವಳು ಬೇಡಿಕೊಂಡದ್ದು ಅವನ ಕಣ್ಣಿಗಾಗಿ ಅಲ್ಲ, ಅವನು ಬಾಗಿಲು ತೆಗೆಯದಿರಲಿ ಎಂದು. ತೆಗೆದ. ಅವಳನ್ನು ನೋಡಿ ಅವನ ಬಾಯಿ ಅಗಲವಾಯಿತು, ಅದು ನಗು ಎಂದು ಅರ್ಥವಾಗಲು ಅವಳಿಗೆ ಒಂದು ಕ್ಷಣ ಹಿಡಿಯಿತು. ಎಡಗಣ್ಣು ಪೂರ್ತಿ ಮುಚ್ಚಿಹೋಗಿತ್ತು. ಕೆನ್ನೆಯ ಗುಳ್ಳೆಗಳು ಒಡೆದು ಹಳದಿ ಹಕ್ಕಳೆ ಕಟ್ಟಿದ್ದವು. ಮನೆಯಲ್ಲಿ ಹಾಕಿಕೊಳ್ಳುವ ಹಳೆಯ ಸ್ವೆಟರಿನ ಮೇಲೂ ಆ ಪಿನ್ನು ಇತ್ತು.

"ನೀವೇ ಬಂದ್ಬಿಟ್ರಾ! ನಾನೇ ಬರ್ಬೇಕು ಅಂತಿದ್ದೆ, ಕಣ್ಣು ಕಾಣಲ್ಲ, ರಸ್ತೆಗಿಳಿದ್ರೆ ಜನ ಏನಂದ್ಕೋತಾರೋ ಅಂತ… ಸೋಮವಾರ ತಪ್ಪೋಯ್ತಲ್ಲ ಅಂತ ಬೆಳಗ್ಗಿಂದ ಒದ್ದಾಡ್ತಿದ್ದೆ. ಸಂಜೆಯಾದ್ರೂ ಸೋಮವಾರವೇ ಅಲ್ವಾ? ಮಡಕೆ ತಂದಿದೀರಾ?"

"ಡಾಕ್ಟರಿಗೆ ತೋರಿಸ್ಲಿಲ್ವೇನೋ?"

"ಮೂರು ಮುಗೀದೆ ಹೇಗೆ ಹೋಗ್ಲಿ?" ಅವನಿಗೆ ಆಶ್ಚರ್ಯವಾಗಿತ್ತು. "ನೀವೇ ಹೇಳಿದ್ರಲ್ಲ, ಕೆಟ್ಟದ್ದು ಹೊರಗೆ ಬರ್ತಿದೆ ಅಂತ. ಬಹಳ ಇತ್ತು ನೋಡಿ ನನ್ನೊಳಗೆ. ನೋವು ತಡೀತೀನಿ, ಅದೇನಿಲ್ಲ."

ಹೇಳಿ ಅವನು ಕುರ್ಚಿಯೊಂದನ್ನು ತಡವಿ ಬೆಳಕಿಗೆ ಎಳೆದು, ಕೂತು, ತೆರೆದಿದ್ದ ಒಂದು ಕಣ್ಣನ್ನೂ ಮುಚ್ಚಿ ಮುಖ ಎತ್ತಿದ. ಇನ್ನೂ ಒಂದು ಸುಳ್ಳಿಗೆ ಜಾಗವಿತ್ತು, ಅದು ಅವಳಿಗೆ ಕಂಡಿತು. ಮೂರನೆಯದು ಬೇಡ, ನಿನ್ನದು ಎರಡಕ್ಕೇ ಮುಗಿಯಿತು, ಈಗ ಡಾಕ್ಟರಿಗೆ ತೋರಿಸಬಹುದು ಎಂದರೆ ಇವನು ನಂಬುತ್ತಾನೆ, ಮನೆತನದ ಹೆಸರು ಉಳಿಯುತ್ತದೆ. ಹಾಗೆ ಹೇಳಲು ಬಾಯಿಯನ್ನೂ ತೆರೆದಳು. ಅವನ ಗಂಟಲಮಣಿ ಮೇಲೆ ಕೆಳಗೆ ಆಡುತ್ತಿತ್ತು, ಉರಿಗೆ ಸಿದ್ಧನಾಗುತ್ತಿದ್ದ.

"ಫಿಂಟನ್, ನನ್ನ ಮೂಗು ಹೋಗಿದೆ," ಅಂದಳು. "ಮಾರ್ಚಿನಿಂದ. ಹೂ ತಪ್ಪಾಗಿ ಕಿತ್ತಿದೀನಿ. ಅದು ವಿಷದ್ದು."

ಅವನು ಎತ್ತಿದ ಮುಖ ಇಳಿಸಲಿಲ್ಲ.

"ಹಾಗಾದ್ರೆ ಇದು ವಾಸಿಯಾಗ್ತಿರೋದಲ್ವಾ?"

"ಅಲ್ಲ ಕಣೋ."

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಕೈ ಎತ್ತಿ, ತನ್ನ ಕೆನ್ನೆಯನ್ನು ಮುಟ್ಟದೆ, ಹತ್ತಿರ ಹಿಡಿದು ನಿಲ್ಲಿಸಿದ. ಅವಳು ಅವನ ಫೋನಿನಿಂದ ಅಟ್ರಾಕ್ಟಾಳನ್ನು ಕರೆದಳು, ಕಾರು ತರಲು ಹೇಳಿದಳು, ಯಾಕೆಂದು ಕೇಳಿದ್ದಕ್ಕೆ ಎಲ್ಲವನ್ನೂ ಹೇಳಿದಳು. ಹತ್ತು ನಿಮಿಷಕ್ಕೆ ಅಟ್ರಾಕ್ಟಾಳ ಕಾರು ಬಾಗಿಲಿಗೆ ಬಂತು.

ಪೇಟೆಯ ದವಾಖಾನೆಯಲ್ಲಿ ಸಂಜೆಯ ಹೊತ್ತಿಗೆ ಕುರ್ಚಿಗಳೆಲ್ಲ ತುಂಬಿದ್ದವು. ಫಿಂಟನ್ ಒಳಬಂದದ್ದೇ ಎಲ್ಲರೂ ತಿರುಗಿ ನೋಡಿದರು. ಕಿಟಕಿಯ ಪಕ್ಕದಲ್ಲಿ ಮಕ್ಕಳನ್ನು ಬಸ್ಸಿಗೆ ಹತ್ತಿಸುವ ಇಬ್ಬರು ತಾಯಂದಿರಿದ್ದರು. ಒಬ್ಬಳು ಇನ್ನೊಬ್ಬಳ ತೊಡೆ ತಟ್ಟಿದಳು. ಅಟ್ರಾಕ್ಟಾ ಅವನನ್ನು ಮೂಲೆಯಲ್ಲಿ ಕೂರಿಸಿದಳು. ಮೇಜಿನ ಹಿಂದಿನ ಹುಡುಗಿ, ಡಾಕ್ಟರು ಅವನನ್ನು ಮೊದಲು ನೋಡುತ್ತಾರೆ, ಆದರೆ ಏನು ತಾಕಿದ್ದು ಅಂತ ಬರೆದುಕೊಳ್ಳಬೇಕು ಅಂದಳು. ಡಿಂಪ್ನಾ ಮೆಲ್ಲಗೆ ಹೇಳಬಹುದಿತ್ತು, ಹುಡುಗಿ ಬಗ್ಗಿಯೂ ಇದ್ದಳು. ಕೆನ್ನೆ ಕೆಂಡದಂತೆ ಉರಿಯುತ್ತಿತ್ತು, ಅಪ್ಪ ಎಲ್ಲೋ ಗೋಡೆಯ ಕಡೆ ತಿರುಗಿ ಮಲಗಿದಂತೆನಿಸಿತು. ಅವಳು ಕಿಟಕಿಯ ಪಕ್ಕದವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಅವನು ಕುಡ್ದಿಲ್ಲ. ಕುಡಿದೇ ಇಲ್ಲ ಯಾವತ್ತೂ. ಅವನ ಮುಖಕ್ಕೆ ನಾನು ಹಚ್ಚಿದ್ದು ಅದು. ಗುಲಾಬಿ ಮದ್ದು, ಗಿಲ್ಸೆನನ್ ಮನೇದು. ಬರ್ಕೊ. ಉಪ್ಪಿಲ್ಲದ ಬೆಣ್ಣೆ. ಕೋಳಿಗೆ ಹಾಕೋ ಚಿಕ್‌ವೀಡ್ ಸೊಪ್ಪು. ಹಳೇ ಮನೆ ಮಾಡಿನ ಮೇಲೆ ಬೆಳೆಯೋ ದಪ್ಪ ಎಲೆ, ಅದರ ರಸ. ಆಮೇಲೆ ಕ್ಯಾಮೊಮೈಲ್ ಹಾಕ್ಬೇಕಿತ್ತು. ನಾನು ಹಾಕಿದ್ದು ನಾಯಿ ಕ್ಯಾಮೊಮೈಲ್."

ಹುಡುಗಿಯ ಬೆರಳುಗಳು ಟಕಟಕನೆ ಓಡಿದವು. ಅಪ್ಪ, ಅಪ್ಪನ ಅಜ್ಜಿ, ಅವಳ ಅಪ್ಪ, ತಲೆಮಾರಿಗೆ ಒಬ್ಬರ ಕಿವಿಯಲ್ಲಿ ಮಾತ್ರ ಹೇಳಿ ಹೋದ ನಾಲ್ಕು ಹೆಸರುಗಳು ಅರ್ಧ ನಿಮಿಷದಲ್ಲಿ ಪರದೆಯ ಮೇಲೆ ಬಂದವು. ನೋಡಿದರೆ ಏನೂ ಇರಲಿಲ್ಲ ಅವುಗಳಲ್ಲಿ, ಸಂತೆಯ ಚೀಟಿಯಂತಿದ್ದವು.

"ನಾಯಿ… ಕ್ಯಾಮೊಮೈಲ್. ಆಯ್ತು." ಹುಡುಗಿ ತಲೆ ಎತ್ತಲಿಲ್ಲ. "ಥ್ಯಾಂಕ್ಸ್, ಮಿಸ್ ಗಿಲ್ಸೆನನ್."

ಮೂಲೆಯ ಕುರ್ಚಿ ಕಿರ್ರೆಂದಿತು. ಫಿಂಟನ್ ಎದ್ದು ನಿಂತಿದ್ದ, ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು, ಉಳಿದ ಒಂದು ಕಣ್ಣನ್ನು ಅಗಲ ಮಾಡಿಕೊಂಡು.

"ಅಯ್ಯೋ, ಹಾಗನ್ಬೇಡಮ್ಮ!" ಎಂದು ಕೂಗಿದ. "ಅವ್ರಿಗೆ ಆ ಮಾತು ಹೇಳ್ಬಾರ್ದು! ಮದ್ದು ಹೊರಟುಹೋಗುತ್ತೆ. ಡಿಂಪ್ನಾ, ನೀವು ಕೇಳಿಸ್ಕೊಂಡಿಲ್ಲ ತಾನೆ? ಹೂ ತಪ್ಪಾಗಿದ್ದು ಒಂದ್ಸಲ. ಮುಂದಿನ ವಾರ ಸರಿಯಾದ್ದು ಹುಡುಕೋಣ, ನಾನೂ ಬರ್ತೀನಿ ದಿಬ್ಬಕ್ಕೆ, ನಾನು ಮೂಸ್ತೀನಿ. ನಂದಿನ್ನೂ ಒಂದು ಸೋಮವಾರ ಬಾಕಿ ಇದೆ."

ಹುಡುಗಿ ಏನು ತಪ್ಪಾಯಿತೆಂದು ತಿಳಿಯದೆ ಇಬ್ಬರ ಕೆಂಪು ಮುಖಗಳನ್ನೂ ನೋಡುತ್ತಿದ್ದಳು. ಡಿಂಪ್ನಾ ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು, ನಗೆಗೆ, ಪೊಲೀಸರಿಗೂ ಸಿದ್ಧಳಾಗಿದ್ದಳು. ಇದಕ್ಕೆ ಸಿದ್ಧಳಾಗಿರಲಿಲ್ಲ. ಅವಳು ಹೋಗಿ ಅವನ ತೋಳು ಹಿಡಿದು, ಮೆತ್ತಗೆ ಕುರ್ಚಿಗೆ ಕೂರಿಸಿದಳು.

"ಕೂತ್ಕೋ ಫಿಂಟನ್," ಅಂದಳು. "ಹೇಳ್ಲಿ ಬಿಡು."

ಒಳಗಿನಿಂದ ಡಾಕ್ಟರು ಅವನ ಹೆಸರು ಕರೆದರು.